ಹಾಸಿಗೆಯ ಮೇಲಿನ ಮೂತ್ರ: ಒಂದು ಗಂಡುಬೆಕ್ಕಿನ ಪ್ರಕರಣ

ಈ ಬರಹದಲ್ಲಿ ಬರುವ ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬೆಕ್ಕಿಗೆ ಗುಂಡ, ನಾಯಿಮರಿಗೆ ಚುಕ್ಕಿ ಎಂಬ ಹೆಸರುಗಳನ್ನು ನಾನೇ ಇಟ್ಟಿದ್ದೇನೆ. ರೋಗ ಸಾಗಿದ ರೀತಿ, ನಾವು ತೆಗೆದುಕೊಂಡ ತೀರ್ಮಾನಗಳು ಮತ್ತು ಅವುಗಳಲ್ಲಿ ತಪ್ಪಿದವುಗಳನ್ನು ಮುಚ್ಚಿಟ್ಟಿಲ್ಲ. ತಪ್ಪುಗಳಲ್ಲಿ ಒಂದು ಪಶುವೈದ್ಯೆಯಾದ ನನ್ನದೇ.

ಹಿನ್ನೆಲೆ

ಗುಂಡ ನಾಲ್ಕು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದ ಗಂಡುಬೆಕ್ಕು. ತೂಕ ಐದೂವರೆ ಕಿಲೋ. ಅದರ ಮೈಕಟ್ಟಿಗೆ ಇರಬೇಕಾದ್ದಕ್ಕಿಂತ ಅರ್ಧ ಕಿಲೋಗೂ ಮೀರಿ ಹೆಚ್ಚು ಅನ್ನಬೇಕು. ಮನೆಯಿಂದ ಹೊರಗೆ ಕಾಲಿಟ್ಟದ್ದಿಲ್ಲ. ತಿನ್ನುತ್ತಿದ್ದುದು ಒಣ ಆಹಾರ ಮಾತ್ರ, ನೀರು ಕುಡಿಯುತ್ತಿದ್ದುದು ಅಪರೂಪ. ಮನೆಯಲ್ಲಿದ್ದವರು ತಾಯಿ ಮತ್ತು ಕಾಲೇಜಿಗೆ ಹೋಗುವ ಮಗ. ಹಜಾರದ ಒಂದು ಮೂಲೆಯಲ್ಲಿ ಬೆಕ್ಕಿನ ಮರಳಿನ ಟ್ರೇ ಇತ್ತು. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಗುಂಡ ಅದರ ಹೊರಗೆ ಗಲೀಜು ಮಾಡಿರಲಿಲ್ಲ.

ಹತ್ತು ವಾರದ ನಾಯಿಮರಿ ಚುಕ್ಕಿ ಬಂದ ಮೂರನೆಯ ದಿನ, ಅದು ಟ್ರೇಗೆ ಬಾಯಿ ಹಾಕಿ ಬೆಕ್ಕಿನ ಮಲ ತಿನ್ನುತ್ತಿದ್ದುದನ್ನು ತಾಯಿ ಕಂಡರು. ನಾಯಿಗಳಲ್ಲಿ ಇದು ತೀರಾ ಸಾಮಾನ್ಯ. ಹಾಗೆಂದು ಬಿಡುವಂತೆಯೂ ಇಲ್ಲ, ಹೊಟ್ಟೆಹುಳುಗಳು ದಾಟಿಕೊಳ್ಳುವ ದಾರಿಗಳಲ್ಲಿ ಇದೂ ಒಂದು. ಆದ್ದರಿಂದ ತಾಯಿ ಟ್ರೇಯನ್ನು ಮನೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿ, ಬೆಕ್ಕು ನುಸುಳುವಷ್ಟು ಮಾತ್ರ ಬಾಗಿಲು ತೆರೆದಿಟ್ಟರು. ಆ ಹೊತ್ತಿನಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಆ ಕೋಣೆಯಲ್ಲಿ ವಾಷಿಂಗ್ ಮಷೀನ್ ಇತ್ತು, ಅಲ್ಲಿಗೆ ಹೋಗುವ ಓಣಿಯಲ್ಲಿ ಚುಕ್ಕಿಯ ಹಾಸಿಗೆ ಇತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ಗುಂಡ ತಾಯಿಯ ಹಾಸಿಗೆಯ ಮೇಲೆ ಮೂತ್ರ ಮಾಡಿತು. ಆಮೇಲೆ ಒಗೆಯಲು ಗುಡ್ಡೆ ಹಾಕಿದ್ದ ಬಟ್ಟೆಗಳ ಮೇಲೆ. ಆಮೇಲೆ ಮತ್ತೆ ಹಾಸಿಗೆಯ ಮೇಲೆ. ಮೂರನೆಯ ಬಾರಿ ಅದರ ಮೂತಿಯನ್ನು ಒದ್ದೆಯ ಹತ್ತಿರ ಹಿಡಿದು ಗದರಿದ್ದಾಗಿ ತಾಯಿ ನಂತರ ನನ್ನ ಬಳಿ ಹೇಳಿಕೊಂಡರು. ‘ಮರಿ ಬಂದಾಗಿನಿಂದ ಹೊಟ್ಟೆಕಿಚ್ಚಿನಿಂದ ಹಟ ಸಾಧಿಸುತ್ತಿದೆ’ ಎಂದು ಮನೆಯವರಿಬ್ಬರೂ ನಂಬಿದ್ದರು.

ಬೆಕ್ಕು ಸೇಡು ತೀರಿಸಿಕೊಳ್ಳಲು ಮೂತ್ರ ಮಾಡುವುದಿಲ್ಲ. ಮೂತ್ರಕೋಶದಲ್ಲಿ ಉರಿಯೂತವಿದ್ದಾಗ ಮೂತ್ರ ಮಾಡಿದ ಪ್ರತಿ ಸಲವೂ ನೋಯುತ್ತದೆ. ಆ ನೋವನ್ನು ಬೆಕ್ಕು ಟ್ರೇಯ ಜೊತೆ ಜೋಡಿಸಿಕೊಂಡು, ಬೇರೆ ಮೆತ್ತನೆಯ ಜಾಗ ಹುಡುಕುತ್ತದೆ. ಮನೆಯಲ್ಲಿ ಮೆತ್ತಗಿರುವುದೆಂದರೆ ಹಾಸಿಗೆ ಮತ್ತು ಬಟ್ಟೆ. ಗದರಿದಾಗ ಅದು ಕಲಿಯುವುದು ‘ಇಲ್ಲಿ ಮಾಡಬಾರದು’ ಎಂಬುದನ್ನಲ್ಲ, ‘ಇವರ ಕಣ್ಣಿಗೆ ಬೀಳಬಾರದು’ ಎಂಬುದನ್ನು. ಗುಂಡ ಕೂಡ ಅದನ್ನೇ ಕಲಿತಿತು. ಮಂಚದಡಿ ಅವಿತುಕೊಂಡಿತು. ಹೀಗಾಗಿ ಮುಂದಿನ ಕೆಲವು ದಿನ ಅದು ಎಷ್ಟು ಮೂತ್ರ ಮಾಡುತ್ತಿದೆ ಎಂಬುದು ಯಾರಿಗೂ ತಿಳಿಯದೆ ಹೋಯಿತು.

ರಾತ್ರಿಯ ಕರೆ

ರಾತ್ರಿ ಹನ್ನೊಂದರ ಸುಮಾರಿಗೆ ತಾಯಿ ಫೋನ್ ಮಾಡಿದರು. ‘ಡಾಕ್ಟರೇ, ಗುಂಡನಿಗೆ ಮಲಬದ್ಧತೆ ಆಗಿದೆ. ಬೆಳಗ್ಗಿನಿಂದ ಕೂತು ಕೂತು ತಿಣುಕುತ್ತಿದೆ, ಅರಚುತ್ತಿದೆ. ನೋವಿಗೆ ಜ್ವರದ ಮಾತ್ರೆ ಅರ್ಧ ಕೊಡಲೇ?’

ಮೊದಲು ಮಾತ್ರೆಯ ವಿಷಯ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅದನ್ನು ನಿರಪಾಯಕಾರಿಯಾಗಿಸಿ ಹೊರಹಾಕುವ ಬಗೆ ಬೆಕ್ಕಿನ ಯಕೃತ್ತಿಗೆ ಒದಗುವುದಿಲ್ಲ. ಕೆಂಪು ರಕ್ತಕಣಗಳು ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತವೆ. ದೊಡ್ಡವರು ನುಂಗುವ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ‘ಯಾವ ಮಾತ್ರೆಯನ್ನೂ ಕೊಡಬೇಡಿ’ ಎಂದು ಹೇಳಿ, ನಾನು ಕೇಳಿದ ಮುಂದಿನ ಪ್ರಶ್ನೆ ಮಲದ ಬಗ್ಗೆ ಅಲ್ಲ. ‘ನಿನ್ನೆ ಸಂಜೆಯಿಂದ ಟ್ರೇಯಲ್ಲಿ ಮೂತ್ರದಿಂದ ಮರಳು ಗಟ್ಟಿಯಾದ ಉಂಡೆಗಳು ಎಷ್ಟಿವೆ? ನೋಡಿಕೊಂಡು ಬನ್ನಿ’ ಎಂದೆ.

ಒಂದೂ ಇರಲಿಲ್ಲ. ಬಚ್ಚಲಿನ ನೆಲದ ಮೇಲೆ ಕೆಂಪು ಬೆರೆತ ಎರಡು ಹನಿ ಮಾತ್ರ ಕಂಡವು. ಮಧ್ಯಾಹ್ನದಿಂದ ಎರಡು ಬಾರಿ ವಾಂತಿಯೂ ಆಗಿತ್ತು.

ತಿಣುಕುವ ಬೆಕ್ಕನ್ನು ಕಂಡವರಿಗೆಲ್ಲ ಮೊದಲು ಹೊಳೆಯುವುದು ಮಲಬದ್ಧತೆ. ಮಲಕ್ಕೆ ತಿಣುಕುವುದೂ ಮೂತ್ರಕ್ಕೆ ತಿಣುಕುವುದೂ ನೋಡಲು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಹೆಣ್ಣುಬೆಕ್ಕಿಗೆ ಹೋಲಿಸಿದರೆ ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು, ತುದಿಗೆ ಬರುತ್ತಾ ಇನ್ನೂ ಕಿರಿದಾಗುತ್ತದೆ. ಲೋಳೆ ಮತ್ತು ಸಣ್ಣ ಹರಳುಗಳು ಸೇರಿದ ಬಿರಡೆಯೊಂದು ಸಿಕ್ಕಿಕೊಂಡರೆ ಅಥವಾ ನಾಳವೇ ಬಿಗಿದುಕೊಂಡರೆ ದಾರಿ ಪೂರ್ತಿ ಮುಚ್ಚುತ್ತದೆ. ಹೊರಹೋಗಬೇಕಾದ ವಿಷಾಂಶ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಸಾವು ಬರುತ್ತದೆ.

ಪ್ರಕರಣದ ಮೊದಲ ತಿರುವು ಇಲ್ಲಿದೆ. ತಾಯಿ ಹೇಳಿದರು: ‘ಆದರೆ ಡಾಕ್ಟರೇ, ಈಗ ಒಂದು ಗಂಟೆಯಿಂದ ಅರಚುವುದನ್ನು ನಿಲ್ಲಿಸಿ ಮಲಗಿದೆ. ಸ್ವಲ್ಪ ಸಮಾಧಾನ ಆದ ಹಾಗಿದೆ. ಬೆಳಿಗ್ಗೆ ಕರೆದುಕೊಂಡು ಬರಲೇ?’ ನೋವಿನಿಂದ ಅರಚುತ್ತಿದ್ದ ಬೆಕ್ಕು ಮೂತ್ರ ಮಾಡದೆಯೇ ಸುಮ್ಮನಾದರೆ ಅದು ಸಮಾಧಾನವಲ್ಲ, ದೇಹ ಸೋಲುತ್ತಿರುವ ಲಕ್ಷಣ. ಫೋನಿನ ಆಚೆಯಿಂದ ಮಗನ ಧ್ವನಿ ಕೇಳಿಸಿತು: ‘ಅಮ್ಮಾ, ಈಗಲೇ ಹೋಗೋಣ.’ ಹೊಟ್ಟೆಯನ್ನು ಒತ್ತಿ ನೋಡಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು ಎಂದಷ್ಟೇ ಎಚ್ಚರಿಸಿ ನಾನು ಆಸ್ಪತ್ರೆಗೆ ಹೊರಟೆ.

ಮೇಜಿನ ಮೇಲೆ ಮಲಗಿಸಿದಾಗ ಗುಂಡನ ಎದೆಬಡಿತ ನಿಮಿಷಕ್ಕೆ 110 ಇತ್ತು. ಆಸ್ಪತ್ರೆಗೆ ಬಂದು ಹೆದರಿದ ಬೆಕ್ಕಿನದು 180ಕ್ಕಿಂತ ಮೇಲಿರುವುದು ವಾಡಿಕೆ. ಮೈಬಿಸಿ 36 ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಇರಬೇಕಾದದ್ದು 38ರಿಂದ 39. ರಕ್ತದ ಪೊಟ್ಯಾಸಿಯಂ ಐದೂವರೆಯೊಳಗೆ ಇರಬೇಕಾದಲ್ಲಿ ಎಂಟು ದಾಟಿತ್ತು. ಮೂತ್ರಕೋಶ ಬಿಗಿಯಾದ ಚೆಂಡಿನಂತೆ ಕೈಗೆ ಸಿಕ್ಕಿತು. ಮೂತ್ರನಾಳ ಬಿಡಿಸುವ ಮೊದಲು ಹೃದಯವನ್ನು ಕಾಪಾಡಬೇಕಿತ್ತು. ನಿಧಾನವಾಗಿ ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದು, ಡ್ರಿಪ್, ಗ್ಲೂಕೋಸ್. ಬಡಿತ ಏರಿದ ಮೇಲೆ ಅರಿವಳಿಕೆ ಕೊಟ್ಟು, ಬಿರಡೆಯನ್ನು ತೊಳೆದು ಸರಿಸಿ, ಮೂತ್ರ ಹೊರಹರಿಯಲು ಸಣ್ಣ ಕೊಳವೆ (ಕ್ಯಾತಿಟರ್) ಹಾಕಿದೆವು. ಬೆಳಗಾಗುವ ಹೊತ್ತಿಗೆ ಗುಂಡ ತಲೆ ಎತ್ತಿ ನೋಡಿತು. ಬೆಳಿಗ್ಗೆಯವರೆಗೆ ಕಾದಿದ್ದರೆ ಆ ತಲೆ ಏಳುತ್ತಿತ್ತೆಂದು ನಾನು ಭಾವಿಸುವುದಿಲ್ಲ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ. ಮೂತ್ರದಲ್ಲಿ ಕೆಲವು ಹರಳುಗಳಿದ್ದವು, ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಮೂರನೆಯ ದಿನ ಕ್ಯಾತಿಟರ್ ತೆಗೆದು, ಗುಂಡ ತಾನಾಗಿಯೇ ಮೂತ್ರ ಮಾಡುವುದನ್ನು ಒಂದು ದಿನ ನೋಡಿ ಮನೆಗೆ ಕಳುಹಿಸಿದೆ. ನೋವು ನಿವಾರಕ, ಮೂತ್ರನಾಳವನ್ನು ಸಡಿಲಿಸುವ ಔಷಧ, ಮೂತ್ರದ ತೊಂದರೆಗೆಂದೇ ತಯಾರಾಗುವ ಆಹಾರ, ಹೆಚ್ಚು ನೀರು ಎಂದು ಬರೆದುಕೊಟ್ಟೆ. ಟ್ರೇ ಎಲ್ಲಿದೆ ಎಂದು ಕೇಳಲಿಲ್ಲ. ಮನೆಗೆ ಹೊಸದಾಗಿ ನಾಯಿಮರಿ ಬಂದಿದೆ ಎಂಬುದು ಮಾತಿನ ನಡುವೆ ಕಿವಿಗೆ ಬಿದ್ದಿತ್ತು, ಆದರೂ ಅದನ್ನು ರೋಗದ ಇತಿಹಾಸದಲ್ಲಿ ಬರೆದುಕೊಳ್ಳಲಿಲ್ಲ. ಜೀವ ಉಳಿಸಿದ ನೆಮ್ಮದಿಯಲ್ಲಿ, ಆ ಜೀವ ಯಾವ ಮನೆಗೆ ಮರಳುತ್ತಿದೆ ಎಂದು ನಾನು ಯೋಚಿಸಲಿಲ್ಲ.

ಹನ್ನೆರಡನೆಯ ದಿನ ಗುಂಡ ಮತ್ತೆ ಬಂದಿತು. ಈ ಬಾರಿ ದಾರಿ ಮುಚ್ಚಿರಲಿಲ್ಲ, ಆದರೆ ಗಂಟೆಗೆ ಹತ್ತು ಬಾರಿ ಮೂಲೆಗೆ ಹೋಗಿ ಹನಿ ಹನಿ ರಕ್ತಮೂತ್ರ ಮಾಡುತ್ತಿತ್ತು. ತಾಯಿಯ ಕಣ್ಣಲ್ಲಿ ನೀರಿತ್ತು. ‘ಆಹಾರ ಬದಲಿಸಿದ್ದೇವೆ, ಔಷಧ ತಪ್ಪಿಸಿಲ್ಲ, ಒಂದು ಸಲವೂ ಗದರಿಲ್ಲ. ಇನ್ನೇನು ಮಾಡಲಿ? ಚುಕ್ಕಿಯನ್ನು ಬೇರೆಯವರಿಗೆ ಕೊಟ್ಟುಬಿಡಲೇ?’

ಪದೇ ಪದೇ ಮೂತ್ರ ಕಟ್ಟುವ ಗಂಡುಬೆಕ್ಕುಗಳಿಗೆ ಮೂತ್ರನಾಳದ ದ್ವಾರವನ್ನು ಅಗಲಿಸುವ ಶಸ್ತ್ರಚಿಕಿತ್ಸೆಯೊಂದಿದೆ. ನನ್ನ ಯೋಚನೆ ಆ ಕಡೆಗೇ ವಾಲುತ್ತಿತ್ತು. ಅದರ ಮಾತೆತ್ತುವ ಮೊದಲು ಒಂದು ಹಾಳೆ ಕೊಟ್ಟು, ಮನೆಯ ನಕ್ಷೆ ಬರೆಯಲು ಮಗನಿಗೆ ಹೇಳಿದೆ. ಗುಂಡ ಮಲಗುವ ಜಾಗ, ಊಟ, ನೀರು, ಟ್ರೇ, ಚುಕ್ಕಿಯ ಹಾಸಿಗೆ ಇವನ್ನೆಲ್ಲ ಗುರುತಿಸಿ, ಗುಂಡ ಮೂತ್ರ ಮಾಡಿದ್ದ ಕಡೆಯೆಲ್ಲ ಅಡ್ಡಗೆರೆ ಹಾಕು ಎಂದೆ.

ಹುಡುಗ ಬರೆದ. ಗುಂಡನ ಮೂಲೆಯಿಂದ ಟ್ರೇಗೆ ಹೋಗಲು ಇದ್ದದ್ದು ಒಂದೇ ದಾರಿ, ಅದು ಚುಕ್ಕಿಯ ಹಾಸಿಗೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅಡ್ಡಗೆರೆಗಳಲ್ಲಿ ಒಂದೂ ಆ ಹಾಸಿಗೆಯ ಆಚೆಗೆ ಇರಲಿಲ್ಲ, ಎಲ್ಲವೂ ಈಚೆಗೇ ಇದ್ದವು. ಹುಡುಗ ಪೆನ್ನನ್ನು ಕೆಳಗಿಟ್ಟು, ‘ಅದಕ್ಕೆ ಅಲ್ಲಿಗೆ ಹೋಗಲು ಆಗುತ್ತಲೇ ಇರಲಿಲ್ಲ’ ಎಂದ.

ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಕೆಳಮೂತ್ರಾಂಗದ, ಅಂದರೆ ಮೂತ್ರಕೋಶ ಮತ್ತು ಮೂತ್ರನಾಳದ ತೊಂದರೆಗೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಇದೇ ಕಾರಣಕ್ಕೆ ಆ್ಯಂಟಿಬಯಾಟಿಕ್ ಬಹುತೇಕ ಇಂಥವುಗಳಿಗೆ ಬೇಕಾಗುವುದಿಲ್ಲ. ಒತ್ತಡಕ್ಕೆ ಬೇಗ ಮಣಿಯುವ ಬೆಕ್ಕಿನ ದೇಹದಲ್ಲಿ ನರಮಂಡಲ ಮತ್ತು ಮೂತ್ರಕೋಶದ ಒಳಪದರ ಎರಡೂ ಸೇರಿ ಹದ ತಪ್ಪುತ್ತವೆ, ಉರಿಯೂತ ಮರುಕಳಿಸುತ್ತದೆ. ಔಷಧದಷ್ಟೇ ಮುಖ್ಯವಾದ ಚಿಕಿತ್ಸೆ ಮನೆಯ ವ್ಯವಸ್ಥೆಯಲ್ಲಿದೆ. ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕುವೈದ್ಯ ಸಂಘಗಳು 2013ರಲ್ಲಿ ಹೊರತಂದ ಮಾರ್ಗಸೂಚಿ ಬೆಕ್ಕಿಗೆ ಬೇಕಾದ ಐದು ಸಂಗತಿಗಳನ್ನು ಹೇಳುತ್ತದೆ: ಸುರಕ್ಷಿತ ತಾಣ; ಊಟ, ನೀರು, ಟ್ರೇ, ವಿಶ್ರಾಂತಿಯ ಜಾಗಗಳು ಬೇರೆ ಬೇರೆ ಕಡೆ ಮತ್ತು ಒಂದಕ್ಕಿಂತ ಹೆಚ್ಚು ಇರುವುದು; ಬೇಟೆಯಾಡುವಂಥ ಆಟ; ಮನುಷ್ಯರೊಂದಿಗೆ ನಂಬಿಕೆಯ, ಏರುಪೇರಿಲ್ಲದ ಒಡನಾಟ; ಅದರ ವಾಸನೆಯ ಲೋಕಕ್ಕೆ ಧಕ್ಕೆಯಾಗದ ಪರಿಸರ. ಹುಡುಗನ ನಕ್ಷೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಗುಂಡನಿಗೆ ಮೊದಲ ಎರಡು ಪೂರ್ತಿ ತಪ್ಪಿಹೋಗಿದ್ದವು, ನಾಲ್ಕನೆಯದು ಅರ್ಧ ಮುರಿದಿತ್ತು.

ಮನೆಯಲ್ಲಿ ಬದಲಾದದ್ದು

ನಾನು ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೊರಟಿದ್ದೆ. ಮಗ ತಡೆದ. ಸೋಫಾ ಸರಿಸಿದ ದಿನ ಗುಂಡ ಸಂಜೆಯವರೆಗೆ ಮಂಚದಡಿಯಿಂದ ಹೊರಬಂದಿರಲಿಲ್ಲವಂತೆ. ಅವನು ಹೇಳಿದ್ದು ಸರಿಯಾಗಿತ್ತು. ಟ್ರೇಗಳನ್ನು ಮೊದಲು, ನಾಯಿಯ ಜಾಗವನ್ನು ಅದೇ ದಿನ, ಉಳಿದದ್ದನ್ನು ವಾರಕ್ಕೊಂದರಂತೆ ಎಂದು ನಿರ್ಧರಿಸಿದೆವು.

ಬೆಕ್ಕಿಗೊಂದು, ಅದರ ಮೇಲೊಂದು ಎಂಬ ಲೆಕ್ಕದಲ್ಲಿ ಎರಡು ಟ್ರೇ. ಒಂದು ತಾಯಿಯ ಕೋಣೆಯಲ್ಲಿ, ಇನ್ನೊಂದು ಹಜಾರದ ಹಳೆಯ ಮೂಲೆಯಲ್ಲಿ. ಒಗೆಯುವ ಕೋಣೆಯದನ್ನು ಎರಡು ವಾರ ಅಲ್ಲೇ ಬಿಟ್ಟು, ಗುಂಡ ಅತ್ತ ಸುಳಿಯುತ್ತಿಲ್ಲ ಎಂದು ಖಚಿತವಾದ ಮೇಲೆ ತೆಗೆದರು. ಟ್ರೇ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟಾದರೂ ಇರಬೇಕು. ಮಾರುವ ಬಹುತೇಕ ಟ್ರೇಗಳು ಇದಕ್ಕಿಂತ ಚಿಕ್ಕವು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ಮಗ ಕತ್ತರಿಸಿ ತಗ್ಗಿಸಿದ. ಮುಚ್ಚಳವಿಲ್ಲ, ಸುಗಂಧವಿಲ್ಲದ ಮರಳು, ಮೂರು ನಾಲ್ಕು ಸೆಂಟಿಮೀಟರ್ ಆಳ, ದಿನಕ್ಕೆರಡು ಬಾರಿ ಶುಚಿ. ಒದ್ದೆಯಾಗಿದ್ದ ಹಾಸಿಗೆಯನ್ನು ಕಿಣ್ವಗಳಿರುವ ಶುಚಿಕಾರಕದಿಂದ ತೊಳೆದರು. ಅಮೋನಿಯಾ ಇರುವ ದ್ರವಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಬೆಕ್ಕನ್ನು ಮತ್ತೆ ಅಲ್ಲಿಗೇ ಕರೆಯುತ್ತವೆ.

ಹಜಾರದ ಟ್ರೇ ಚುಕ್ಕಿಯ ಬಾಯಿಗೆ ಸಿಗಬಾರದಲ್ಲ? ಆ ಮೂಲೆಗೆ ಅಡ್ಡಲಾಗಿ ಮಕ್ಕಳ ಸುರಕ್ಷತೆಗೆ ಹಾಕುವಂಥ ಗೇಟನ್ನು ನೆಲದಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ಕೂರಿಸಿದರು. ಗುಂಡ ಕೆಳಗಿನಿಂದ ನುಸುಳುತ್ತಿತ್ತು. ಚುಕ್ಕಿ ಮೊದಲ ಕೆಲವು ವಾರ ತಾನೂ ನುಸುಳಿತು, ಅಷ್ಟು ದಿನ ಅದನ್ನು ಕಣ್ಣಳತೆಯಲ್ಲಿ ಬಾರು ಹಾಕಿಯೇ ಬಿಡಬೇಕಾಯಿತು. ಬೆಳೆದ ಮೇಲೆ ಆ ಸಂದು ಅದಕ್ಕೆ ಸಾಲಲಿಲ್ಲ.

ಗೋಡೆಗೆ ಎರಡು ಹಲಗೆ ಹೊಡೆದು, ಕಪಾಟಿನ ತಲೆಯ ಮೇಲೆ ಒಂದು ಚಾಪೆ ಹಾಸಿದರು. ನೆಲಕ್ಕೆ ಕಾಲಿಡದೆ ಹಜಾರ ದಾಟಲು ಗುಂಡನಿಗೆ ಸಾಧ್ಯವಾಯಿತು. ಇಡೀ ಬದಲಾವಣೆಯಲ್ಲಿ ಅತಿ ಬೇಗ ಫಲ ಕೊಟ್ಟದ್ದು ಇದೇ ಎಂದು ನನಗನ್ನಿಸುತ್ತದೆ, ಮೂರನೆಯ ದಿನವೇ ಅದು ಕಪಾಟಿನ ಮೇಲೆ ಮೈಚಾಚಿ ಮಲಗಿದ ಚಿತ್ರವನ್ನು ಮಗ ಕಳುಹಿಸಿದ್ದ. ಒಣ ಆಹಾರವನ್ನು ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ತಗ್ಗಿಸಿ ಒದ್ದೆ ಆಹಾರ ಹೆಚ್ಚಿಸಿದರು. ಊಟದ ತಟ್ಟೆಯಿಂದ ದೂರದಲ್ಲಿ ಅಗಲ ಬಾಯಿಯ ನೀರಿನ ಬೋಗುಣಿಗಳು ಮೂರು ಕಡೆ ಬಂದವು. ಫಲಿಸದ ಪ್ರಯತ್ನಗಳೂ ಇದ್ದವು. ನೀರು ಚಿಮ್ಮುವ ಯಂತ್ರದ ಸದ್ದಿಗೆ ಗುಂಡ ಹೆದರಿತು. ಬೆಕ್ಕನ್ನು ಶಾಂತಗೊಳಿಸುವ ಫೆರೊಮೋನ್ ಉಪಕರಣವನ್ನು ಒಂದು ತಿಂಗಳು ಬಳಸಿದರೂ ವ್ಯತ್ಯಾಸ ಕಾಣಲಿಲ್ಲ.

ಚುಕ್ಕಿಯ ಪಾಠ

ಬೆಕ್ಕಿನ ರೋಗಕ್ಕೆ ನಾಯಿಯ ತರಬೇತಿ ಔಷಧವಾಗಬಹುದೆಂದು ಈ ಮನೆಯಲ್ಲಿ ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಮಗ ದಿನವೂ ಗುಂಡನನ್ನು ಎತ್ತಿಕೊಂಡು ಬಂದು ಚುಕ್ಕಿಯ ಮೂಗಿನ ಮುಂದೆ ಹಿಡಿಯುತ್ತಿದ್ದ, ಸ್ನೇಹವಾಗಲಿ ಎಂದು. ತಪ್ಪಿಸಿಕೊಳ್ಳಲಾಗದಂತೆ ಹಿಡಿದ ಬೆಕ್ಕಿಗೆ ಅದು ದಿನಕ್ಕೊಂದು ದಾಳಿ. ಅದನ್ನು ಅಂದೇ ನಿಲ್ಲಿಸಿದೆವು. ಚುಕ್ಕಿಯ ಹಾಸಿಗೆ ಓಣಿಯಿಂದ ಮಗನ ಕೋಣೆಗೆ ಹೋಯಿತು.

ಮರಿ ಬೆಕ್ಕನ್ನು ಅಟ್ಟಿಸಿಕೊಂಡು ಹೋದಾಗ ಬೆಕ್ಕು ಓಡುತ್ತದೆ, ಆ ಓಟವೇ ಮರಿಗೆ ಬಹುಮಾನ. ಗದರಿದರೆ ಆ ಸುಖ ಅಳಿಸಿಹೋಗುವುದಿಲ್ಲ. ಅಟ್ಟಿಸಿಕೊಂಡು ಹೋಗುವ ಅವಕಾಶವೇ ಸಿಗದಂತೆ ನೋಡಿಕೊಂಡು, ಬೇರೊಂದು ನಡತೆಗೆ ಹೆಚ್ಚಿನ ಬಹುಮಾನ ಕೊಡಬೇಕು. ಬಾರು ಹಾಕಿ, ಗುಂಡ ಕಪಾಟಿನ ಮೇಲಿರುವಾಗ ಚುಕ್ಕಿಯನ್ನು ಹಜಾರದ ಇನ್ನೊಂದು ತುದಿಗೆ ತಂದು ಚಾಪೆಯ ಮೇಲೆ ಕೂರಿಸಿದರು. ಬೆಕ್ಕನ್ನು ನೋಡಿದ ಚುಕ್ಕಿ ಮತ್ತೆ ಮಗನ ಕಡೆ ತಿರುಗಿದ ಕ್ಷಣವೇ ಬಾಯಿಗೊಂದು ತುಣುಕು ತಿನಿಸು. ಒಮ್ಮೆಗೆ ಎರಡು ಮೂರು ನಿಮಿಷ, ದಿನಕ್ಕೆ ಮೂರು ಸಲ. ತಿನಿಸನ್ನೂ ಲೆಕ್ಕಿಸದೆ ಬೆಕ್ಕನ್ನೇ ದುರುಗುಟ್ಟಿ ನೋಡಿದರೆ ತೀರಾ ಹತ್ತಿರ ಬಂದಿದ್ದೇವೆ ಎಂದರ್ಥ, ಹಿಂದೆ ಸರಿಯಬೇಕು. ಐದನೆಯ ವಾರದಲ್ಲಿ ಗುಂಡ ನೆಲದ ಮೇಲೆ ನಡೆದುಹೋದರೂ ಚುಕ್ಕಿ ಚಾಪೆ ಬಿಟ್ಟು ಏಳಲಿಲ್ಲ.

ಮನೆಗೆ ಭೇಟಿ ಕೊಟ್ಟಾಗ ಕಪಾಟಿನಲ್ಲಿ ಚುಕ್ಕಿಯ ಉಣ್ಣೆಹುಳುವಿಗೆಂದು ತಂದಿಟ್ಟಿದ್ದ, ಕುತ್ತಿಗೆಗೆ ಹನಿಸುವ ಔಷಧ ಕಂಡಿತು. ಅದರಲ್ಲಿ ಪರ್ಮೆಥ್ರಿನ್ ಇತ್ತು. ನಾಯಿಗೆ ಸುರಕ್ಷಿತವಾದ ಈ ರಾಸಾಯನಿಕ ಬೆಕ್ಕಿಗೆ ನಡುಕ, ಸೆಳವು, ಕೆಲವೊಮ್ಮೆ ಸಾವನ್ನೇ ತರುತ್ತದೆ; ಹಚ್ಚಿಸಿಕೊಂಡ ನಾಯಿಗೆ ಬೆಕ್ಕು ಮೈ ಉಜ್ಜಿದರೂ ಅಪಾಯವೇ. ಪುಣ್ಯಕ್ಕೆ ಇನ್ನೂ ತೆರೆದಿರಲಿಲ್ಲ. ಎರಡೂ ಪ್ರಾಣಿಗಳಿರುವ ಮನೆಗೆ ತಕ್ಕ ಬೇರೆ ಔಷಧ ಬರೆದುಕೊಟ್ಟೆ.

ನಂತರದ ತಿಂಗಳುಗಳು

ಮೂರನೆಯ ವಾರದಿಂದ ಟ್ರೇಯ ಹೊರಗೆ ಮೂತ್ರ ನಿಂತಿತು. ಆರನೆಯ ವಾರದ ಪರೀಕ್ಷೆಯಲ್ಲಿ ಮೂತ್ರದ ಸಾಂದ್ರತೆ 1.028ಕ್ಕೆ ಇಳಿದಿತ್ತು. ಇಂಥ ಬೆಕ್ಕುಗಳಲ್ಲಿ ನಾವು 1.035ಕ್ಕಿಂತ ಕೆಳಗಿಡಲು ಪ್ರಯತ್ನಿಸುತ್ತೇವೆ. ರಕ್ತ ಇರಲಿಲ್ಲ.

ಕಾಯಿಲೆ ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ ಮನೆಗೆ ನೆಂಟರು ಬಂದಿದ್ದರು. ಓಡಾಡಲು ತೊಡಕೆಂದು ಗೇಟನ್ನು ಒಂದು ವಾರ ತೆಗೆದಿಟ್ಟರು, ತಾಯಿಯ ಕೋಣೆಯಲ್ಲಿ ಬೇರೆಯವರು ಮಲಗಿದರು. ಐದನೆಯ ದಿನ ಬೆಳಿಗ್ಗೆ ಟ್ರೇ ಶುಚಿ ಮಾಡುವಾಗ ತಾಯಿಗೆ ಎಂದಿನ ಎರಡು ದೊಡ್ಡ ಉಂಡೆಗಳ ಬದಲು ಗೋಲಿಯಷ್ಟು ಚಿಕ್ಕವು ಐದು ಕಂಡವು. ಮೊದಲ ಆಸ್ಪತ್ರೆವಾಸದ ನಂತರ ನಾನು ಹೇಳಿದ್ದಂತೆ ಅವರು ಒಂದು ನೋಟುಪುಸ್ತಕದಲ್ಲಿ ದಿನವೂ ಉಂಡೆಗಳ ಸಂಖ್ಯೆ ಬರೆದಿಡುತ್ತಿದ್ದರು. ಆ ಪುಸ್ತಕದೊಂದಿಗೇ ಎಂಟು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ಉರಿಯೂತ ಮರಳಿತ್ತು, ದಾರಿ ಮುಚ್ಚಿರಲಿಲ್ಲ. ನೋವು ನಿವಾರಕ ಕೊಟ್ಟು, ಗೇಟನ್ನು ಮತ್ತೆ ಹಾಕಿಸಿದ ಮೇಲೆ ನಾಲ್ಕು ದಿನಗಳಲ್ಲಿ ಇಳಿಯಿತು. ಮೊದಲ ಬಾರಿ ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ಬೆಳೆದದ್ದು ಈ ಬಾರಿ ಎರಡು ಗಂಟೆಯಲ್ಲಿ ಸಿಕ್ಕಿಬಿದ್ದಿತ್ತು.

ಈ ಪ್ರಕರಣದ ನಂತರ ನನ್ನ ಆಸ್ಪತ್ರೆಯಲ್ಲಿ ಎರಡು ಕ್ರಮಗಳು ಬದಲಾಗಿವೆ. ಗಂಡುಬೆಕ್ಕು ತಿಣುಕುತ್ತಿದೆ ಎಂದು ಕರೆ ಬಂದರೆ, ಫೋನ್ ಎತ್ತುವವರು ಯಾರೇ ಆಗಿರಲಿ, ಮೊದಲು ಮೂತ್ರದ ಬಗ್ಗೆ ಕೇಳುತ್ತಾರೆ; ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೆಳಿಗ್ಗೆ ಬನ್ನಿ ಎನ್ನುವುದಿಲ್ಲ. ಟ್ರೇಯ ಹೊರಗೆ ಮೂತ್ರ ಮಾಡುವ ಪ್ರತಿ ಬೆಕ್ಕಿಗೂ ಮೂತ್ರ ಪರೀಕ್ಷೆಯ ಜೊತೆಗೆ ಮನೆಯ ನಕ್ಷೆ ಬರೆಸುತ್ತೇವೆ, ಮೊದಲ ಭೇಟಿಯಲ್ಲೇ. ಎಲ್ಲ ಬೆಕ್ಕುಗಳ ಉತ್ತರವೂ ನಕ್ಷೆಯಲ್ಲಿ ಸಿಗುವುದಿಲ್ಲ. ಕೆಲವಕ್ಕೆ ನಿಜವಾಗಿಯೂ ಕಲ್ಲು ಇರುತ್ತದೆ, ವಯಸ್ಸಾದವುಗಳಲ್ಲಿ ಮೂತ್ರಪಿಂಡದ ರೋಗವೋ ಸೋಂಕೋ ಇರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಬಿಟ್ಟು ಟ್ರೇ ಮಾತ್ರ ಸರಿಸಿ ನೋಡುತ್ತೇವೆ ಎನ್ನುವವರಿಗೆ ನಾನು ಒಪ್ಪುವುದಿಲ್ಲ.

ಚುಕ್ಕಿಗೆ ಈಗ ಒಂದು ವರ್ಷ ತುಂಬಿದೆ. ಗುಂಡ ಅರ್ಧ ಕಿಲೋ ಇಳಿದಿದೆ. ಎರಡೂ ಒಟ್ಟಿಗೆ ಮುದುರಿ ಮಲಗುವ ಸ್ನೇಹಿತರಾಗಿಲ್ಲ. ಒಂದೇ ಹಜಾರದಲ್ಲಿ, ಒಂದು ಮೇಲೆ, ಒಂದು ಕೆಳಗೆ, ಪರಸ್ಪರ ಗಮನಿಸದೆ ಇರುತ್ತವೆ. ಹೋದ ವಾರ ಲಸಿಕೆಗೆ ಬಂದಾಗ ತಾಯಿ, ‘ಇನ್ನು ಗೇಟು ತೆಗೆಯಬಹುದೇ ಡಾಕ್ಟರೇ?’ ಎಂದು ಕೇಳಿದರು. ಬೇಡ ಎಂದೆ.